ಜಿಗಣೆ ಕಚ್ಚಿತು ಅಂತ ಆಸ್ಪಿರಿನ್ ಬಿಡಬೇಡಿ

ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿ ಆರು ವರ್ಷ ಆಯ್ತು. ಅವತ್ತಿನಿಂದ ದಿನಾ ರಾತ್ರಿ ಊಟ ಆದ ಮೇಲೆ 75 ಮಿಲಿಗ್ರಾಂ ಆಸ್ಪಿರಿನ್ ನುಂಗುತ್ತೇನೆ. ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಮಳೆಗಾಲದಲ್ಲಿ ತೋಟಕ್ಕಿಳಿದರೆ ಜಿಗಣೆ ಕಚ್ಚದೆ ಬಿಡುತ್ತದೆಯೇ?

ಸ್ಟೆಂಟ್ ಹಾಕಿದ ಮೇಲಿನ ಮೊದಲ ಮಳೆಗಾಲ. ಬೆಳಿಗ್ಗೆ ಹತ್ತು ಗಂಟೆಗೆ ಕಚ್ಚಿದ ಜಾಗದಿಂದ ಮಧ್ಯಾಹ್ನದ ಊಟದ ಹೊತ್ತಿಗೂ ರಕ್ತ ಇಳಿಯುತ್ತಿತ್ತು. ಗಮ್ ಬೂಟಿನೊಳಗೆ ಕಾಲುಚೀಲ ಪಚಪಚ ಅನ್ನುತ್ತಿತ್ತು. ಹೆದರಿ ನಾನೇ ನಾಲ್ಕು ದಿನ ಮಾತ್ರೆ ಬಿಟ್ಟೆ. ಆಮೇಲೆ ಚೆಕಪ್‌ಗೆ ಹೋದಾಗ ಡಾಕ್ಟರು ಪೆನ್ನು ಕೆಳಗಿಟ್ಟು, "ಕಾಲಿನ ರಕ್ತ ಒತ್ತಿ ಹಿಡಿದ್ರೆ ನಿಲ್ಲುತ್ತೆ. ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದ್ರೆ ಎಲ್ಲಿ ಒತ್ತಿ ಹಿಡೀತೀರಿ?" ಎಂದರು. ಆ ಮಾತು ನಾನು ಮರೆತಿಲ್ಲ.

ಗಾಯ ಆದಾಗ ಮೊದಲು ಬಂದು ಒಂದಕ್ಕೊಂದು ಅಂಟಿಕೊಳ್ಳುವುದು ರಕ್ತದಲ್ಲಿರುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳು. ಆಸ್ಪಿರಿನ್ ಆ ಅಂಟುವ ಗುಣವನ್ನು ಕಡಿಮೆ ಮಾಡುತ್ತದೆ. ಒಂದು ಪ್ಲೇಟ್‌ಲೆಟ್ ಬದುಕುವ ಏಳರಿಂದ ಹತ್ತು ದಿನವೂ ಅದು ಹಾಗೇ ಇರುತ್ತದೆ. ಅಂದಮೇಲೆ ಇವತ್ತು ಮಾತ್ರೆ ಬಿಟ್ಟರೂ ಇವತ್ತಿನ ರಕ್ತ ಅದರಿಂದ ನಿಲ್ಲುವುದಿಲ್ಲ. ಜಿಗಣೆಯ ಎಂಜಲಲ್ಲೂ ರಕ್ತ ಹೆಪ್ಪುಗಟ್ಟಲು ಬಿಡದ ಅಂಶ ಇದೆ. ಜಿಗಣೆ ತೆಗೆದು, ಗಾಯ ತೊಳೆದು, ಶುಭ್ರ ಬಟ್ಟೆ ಮಡಿಚಿ ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಬೇಡಿ. ಹಾಗೆ ಒತ್ತಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಪಕ್ಕದ ತೋಟದ ಅಣ್ಣ ಒಮ್ಮೆ, "ನಾನೂ ದಿನಾ ಒಂದು ತಗೊಳ್ಳಲಾ, ಹಾರ್ಟಿಗೆ ಒಳ್ಳೇದಲ್ವಾ?" ಎಂದು ಕೇಳಿದರು. ಬೇಡ ಅಂದೆ. ಹೃದಯಾಘಾತ, ಸ್ಟೆಂಟ್, ಪಾರ್ಶ್ವವಾಯು ಯಾವುದೂ ಆಗದವರು ಸುಮ್ನೆ ಶುರು ಮಾಡಿದರೆ ಹೊಟ್ಟೆಯಲ್ಲಿ, ಮೆದುಳಲ್ಲಿ ರಕ್ತಸ್ರಾವದ ಅಪಾಯವೇ ಜಾಸ್ತಿ ಆಗಬಹುದು, ಅದರಲ್ಲೂ 60 ದಾಟಿದವರಿಗೆ. ಹೊಟ್ಟೆ ಹುಣ್ಣು, ಆಸ್ತಮಾ ಇದ್ದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಶುರು ಮಾಡುವುದೂ ನಿಲ್ಲಿಸುವುದೂ ಅವರು ಹೇಳಿದ ಹಾಗೆಯೇ. ಹಲ್ಲು ಕೀಳಿಸುವ ಮೊದಲೂ ಅಷ್ಟೇ.

ತೋಟದ ಕೆಲಸದವರಿಗೆ ಸೊಂಟ ನೋವು ತಪ್ಪದು. ಆದರೆ ಮೆಡಿಕಲ್‌ನಲ್ಲಿ ಕೇಳಿ ಇಬುಪ್ರೊಫೇನ್, ಡೈಕ್ಲೊಫೆನಾಕ್ ತಗೊಳ್ಳಬೇಡಿ. ಆಸ್ಪಿರಿನ್ ಜೊತೆ ಸೇರಿದರೆ ಅವು ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಆಗುವ ಅಪಾಯ ಹೆಚ್ಚಿಸುತ್ತವೆ. ಇಬುಪ್ರೊಫೇನ್ ಅಂತೂ ಆಸ್ಪಿರಿನ್ ಕೆಲಸಕ್ಕೇ ಅಡ್ಡ ಬರಬಹುದು. ನನಗೆ ಡಾಕ್ಟರು ಹೇಳಿರುವುದು ಪ್ಯಾರಾಸಿಟಮಾಲ್. ಮನೆಯಲ್ಲಿ ಮಾಡಿದ ವೈನ್ ಆದರೂ ಅದು ಮದ್ಯವೇ. ಅದೂ ಹೊಟ್ಟೆಯ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ.

ಜ್ವರ ಬಂದು ಡೆಂಗಿ ಇರಬಹುದು ಅನ್ನಿಸಿದರೆ ಆಸ್ಪಿರಿನ್ ತಗೊಳ್ಳುತ್ತಿರುವ ವಿಷಯವನ್ನು ಡಾಕ್ಟರಿಗೆ ಮೊದಲು ಹೇಳಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ.

ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿ ಕಾಫಿ ಚರಟದ ಹಾಗೆ ಬಂದರೆ, ತಡ ಮಾಡದೆ ಆಸ್ಪತ್ರೆಗೆ ಹೊರಡಿ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾದರೆ, ಏನೂ ಆಗಿಲ್ಲ ಅನ್ನಿಸಿದರೂ ಹೋಗಲೇಬೇಕು.

ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಮೇಲೆ ಲೇಪನ ಇರುವ ಮಾತ್ರೆಯನ್ನು ಪುಡಿ ಮಾಡದೆ ನೀರಿನ ಜೊತೆ ಇಡಿಯಾಗಿ ನುಂಗಿ.

ಇನ್ನು ನಮ್ಮ ಮಳೆ. ಜುಲೈಯಲ್ಲಿ ನಮ್ಮ ಮನೆಯ ಉಪ್ಪೇ ನೀರಾಗುತ್ತದೆ. ಆಸ್ಪಿರಿನ್‌ಗೂ ತೇವ ಆಗದು. ವಾರದ್ದೆಲ್ಲ ಬಿಡಿಸಿ ಡಬ್ಬಿಗೆ ಹಾಕಿಡುತ್ತಿದ್ದೆ. ಒಂದು ದಿನ ಮುಚ್ಚಳ ತೆರೆದರೆ ವಿನೆಗರ್‌ನಂಥ ಹುಳಿ ವಾಸನೆ. ತೇವಕ್ಕೆ ಆಸ್ಪಿರಿನ್ ಒಡೆದರೆ ಬರುವ ವಾಸನೆಯೇ ಅದು. ಅಷ್ಟನ್ನೂ ಎಸೆದೆ. ಈಗ ಸ್ಟ್ರಿಪ್ಪಿನಿಂದ ಆಯಾ ದಿನದ್ದನ್ನು ಆಯಾ ದಿನವೇ ಬಿಡಿಸುತ್ತೇನೆ. ಸ್ಟ್ರಿಪ್ಪು ಬಚ್ಚಲಿನಿಂದ ದೂರ, ಮಲಗುವ ಕೋಣೆಯ ಬೀರುವಿನಲ್ಲಿ ಇರುತ್ತದೆ.