ರುಚಿಯನ್ನು ಕೊಂಡು ತನ್ನಿ, ನೀರನ್ನು ಮನೆಯಲ್ಲೇ ಬೆರೆಸಿ

ಸೋಡಾ, ತಂಪು ಚಹಾ, ಡಬ್ಬಿಯ ಕಾಫಿ, ನಿಂಬೆ ಪಾನಕ, ಓಟ್ಸ್ ಹಾಲು ಇವೆಲ್ಲವುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಇರುವುದು ನೀರು. ಆ ನೀರು ನಮ್ಮ ಮನೆಯಲ್ಲೇ ಇದೆ. ಹಾಗಿದ್ದೂ ಅದನ್ನು ಹೊತ್ತು ತರಲೆಂದು ಒಂದು ಬಾಟಲಿ, ಅದಕ್ಕೊಂದು ಮುಚ್ಚಳ, ಮೈಸುತ್ತ ಲೇಬಲ್, ಆರು ಬಾಟಲಿಗಳನ್ನು ಒಟ್ಟಿಗೆ ಬಿಗಿದ ಪ್ಲಾಸ್ಟಿಕ್ ಹಾಳೆ ಇಷ್ಟೂ ಮನೆಗೆ ಬಂದು ಅರ್ಧ ಗಂಟೆಯಲ್ಲಿ ಕಸವಾಗುತ್ತವೆ. ಚಹಾ ಎಲೆ, ಕಾಫಿ ಪುಡಿ, ಸಕ್ಕರೆ, ಶುಂಠಿ, ಓಟ್ಸ್ ಮುಂತಾದ ಒಣ ಅಥವಾ ತಾಜಾ ಪದಾರ್ಥಗಳನ್ನಷ್ಟೇ ತಂದು ನೀರನ್ನು ಮನೆಯಲ್ಲಿ ಬೆರೆಸಿಕೊಂಡರೆ ಈ ಕಸದ ಬಹುಭಾಗ ಹುಟ್ಟುವುದೇ ಇಲ್ಲ.

ಕೆಲಸವನ್ನು ಕಸದ ಬುಟ್ಟಿಯಿಂದಲೇ ಆರಂಭಿಸಿ. ಒಂದು ವಾರ ಪಾನೀಯಗಳಿಂದ ಬಂದ ಬಾಟಲಿ, ಡಬ್ಬಿ, ರಟ್ಟಿನ ಪೊಟ್ಟಣಗಳನ್ನೆಲ್ಲ ತೊಳೆದು ಒಂದು ಚೀಲದಲ್ಲಿ ಬೇರೆಯಾಗಿ ಇಡಿ. ವಾರದ ಕೊನೆಗೆ ಅವನ್ನು ನೆಲದ ಮೇಲೆ ಹರಡಿದರೆ ಯಾವ ಪಾನೀಯ ಹೆಚ್ಚು ಕಸ ತರುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಮೊದಲು ಅದೊಂದನ್ನೇ ಮನೆಯಲ್ಲಿ ಮಾಡಲು ಕಲಿಯಿರಿ. ಐದಾರು ಪಾನೀಯಗಳನ್ನು ಒಮ್ಮೆಗೇ ಹಚ್ಚಿಕೊಂಡವರು ಹದಿನೈದು ದಿನಗಳಲ್ಲಿ ಬೇಸತ್ತು ಕೈಬಿಡುವ ಸಂಭವವೇ ಹೆಚ್ಚು.

ಆ ರಾಶಿಯಲ್ಲಿ ರಟ್ಟಿನ ಪೊಟ್ಟಣವಿದ್ದರೆ ಅದರ ಒಂದು ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ, ಉಗುರಿನಿಂದ ಪದರಗಳನ್ನು ಬಿಡಿಸಲು ಪ್ರಯತ್ನಿಸಿ. ಹೊರಗೆ ತೆಳುವಾದ ಪ್ಲಾಸ್ಟಿಕ್, ಅದರಡಿ ಕಾಗದದ ರಟ್ಟು, ಒಳಗೆ ಹೊಳೆಯುವ ಅಲ್ಯೂಮಿನಿಯಂ, ಅದರ ಮೇಲೆ ಮತ್ತೆ ಪ್ಲಾಸ್ಟಿಕ್. ಕಾಗದ ಅರೆಬರೆಯಾಗಿ ಹರಿದು ಬರುತ್ತದೆ, ಲೋಹ ಮತ್ತು ಪ್ಲಾಸ್ಟಿಕ್ ಮಾತ್ರ ಒಂದನ್ನೊಂದು ಬಿಡುವುದಿಲ್ಲ. ಹೀಗೆ ಬೆಸೆದ ಪದರಗಳನ್ನು ಬೇರ್ಪಡಿಸಲು ವಿಶೇಷ ಘಟಕವೇ ಬೇಕಾಗುವುದರಿಂದ, ಇಂತಹ ಪೊಟ್ಟಣಗಳನ್ನು ಸುಲಭವಾಗಿ ಮರುಬಳಕೆಗೆ ಹೋಗುವ ಕಾಗದವೆಂದು ಭಾವಿಸಬಾರದು.

ತಂಪು ಚಹಾ ಮತ್ತು ತಂಪು ಕಾಫಿ ಎಲ್ಲಕ್ಕಿಂತ ಸುಲಭ. ಒಂದು ಲೀಟರ್ ತಣ್ಣೀರಿಗೆ 8ರಿಂದ 10 ಗ್ರಾಂ ಚಹಾ ಎಲೆ ಹಾಕಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸೋಸಿಕೊಳ್ಳಿ. ತಣ್ಣೀರಿನಲ್ಲಿ ಒಗರು ಕಡಿಮೆ ಇಳಿಯುವುದರಿಂದ ಸಕ್ಕರೆಯೂ ಕಡಿಮೆ ಸಾಕಾಗುತ್ತದೆ. ಬಿಡಿ ಎಲೆಯನ್ನೇ ತನ್ನಿ, ಏಕೆಂದರೆ ಅನೇಕ ಚಹಾ ಚೀಲಗಳ ಅಂಚನ್ನು ಅಂಟಿಸಲು ಪ್ಲಾಸ್ಟಿಕ್ ಎಳೆಗಳನ್ನು ಬಳಸಿರುತ್ತಾರೆ. ಕಾಫಿಗೆ ತರಿತರಿಯಾಗಿ ಬೀಸಿದ ಪುಡಿ ಒಂದು ಭಾಗ, ನೀರು ತೂಕದಲ್ಲಿ ಎಂಟು ಭಾಗ ಇರಲಿ. ಫ್ರಿಜ್‌ನಲ್ಲಿ 12ರಿಂದ 18 ಗಂಟೆ ನೆನೆಸಿ, ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಸೋಸಿದರೆ ಗಟ್ಟಿ ಡಿಕಾಕ್ಷನ್ ಸಿಗುತ್ತದೆ. ಅದಕ್ಕೆ ನೀರನ್ನೋ ಹಾಲನ್ನೋ ಬೆರೆಸಿ ಕುಡಿಯಬಹುದು. ಚರಟವನ್ನು ಗೊಬ್ಬರದ ಗುಂಡಿಗೆ ಹಾಕಿ.

ಸೋಡಾಕ್ಕೆ ಬೇಕಾಗಿರುವುದು ನೀರು ಮತ್ತು ಅನಿಲ ಎರಡೇ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ, ಬಿಯರ್ ಹುದುಗುತ್ತಿದ್ದ ತೊಟ್ಟಿಯ ಮೇಲೆ ನಿಂತ ಅನಿಲವನ್ನು ನೀರಿಗೆ ಬೆರೆಸಿಯೇ ಅದನ್ನು ತಯಾರಿಸಿದ್ದರು. ಇಂದು ಮನೆಯ ಸೋಡಾ ಯಂತ್ರ ಸಿಲಿಂಡರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನೀರಿಗೆ ತೂರಿಸುತ್ತದೆ. ಈ ಅನಿಲ 20 ಡಿಗ್ರಿ ಸೆಲ್ಸಿಯಸ್‌ನ ನೀರಿಗಿಂತ 0 ಡಿಗ್ರಿಯ ನೀರಿನಲ್ಲಿ ಸುಮಾರು ಎರಡು ಪಟ್ಟು ಕರಗುತ್ತದೆ. ಆದ್ದರಿಂದ ನೀರನ್ನು ಚೆನ್ನಾಗಿ ತಂಪು ಮಾಡಿಕೊಂಡರೆ ಅದೇ ಸಿಲಿಂಡರ್ ಹೆಚ್ಚು ದಿನ ಬರುತ್ತದೆ. ಯಂತ್ರಕ್ಕೆ ಬರಿಯ ನೀರನ್ನಷ್ಟೇ ಹಾಕಿ, ರಸವನ್ನೂ ಪಾಕವನ್ನೂ ಅನಿಲ ತುಂಬಿದ ನಂತರ ಬೆರೆಸಿ, ಇಲ್ಲವಾದರೆ ಉಕ್ಕಿ ಚೆಲ್ಲುತ್ತದೆ. ಕೊಳ್ಳುವ ಮೊದಲು ಸಿಲಿಂಡರನ್ನು ಮತ್ತೆ ತುಂಬಿಸಿಕೊಡುವ ವ್ಯವಸ್ಥೆ ನಿಮ್ಮಲ್ಲಿದೆಯೇ ಎಂದು ವಿಚಾರಿಸಿ. ಒಂದು ಲೀಟರಿಗೆ ಒಂದರಂತೆ ಬಳಸಿ ಎಸೆಯುವ, 8 ಗ್ರಾಂ ಅನಿಲ ತುಂಬಿದ ಸಣ್ಣ ಉಕ್ಕಿನ ಗುಂಡುಗಳನ್ನು ನಂಬಿದರೆ ಪ್ಲಾಸ್ಟಿಕ್ ಕಸದ ಜಾಗಕ್ಕೆ ಲೋಹದ ಕಸ ಬಂದಂತಾಗುತ್ತದೆ. ಸೋಡಾವನ್ನು ಅಪರೂಪಕ್ಕೆ ಕುಡಿಯುವ ಮನೆಗೆ ಯಂತ್ರವೇ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮೂಲೆ ಸೇರಿದ ಯಂತ್ರವೂ ದೊಡ್ಡ ಕಸವೇ.

ಯಂತ್ರವಿಲ್ಲದೆಯೂ ನೊರೆಯುಕ್ಕುವ ಪಾನೀಯವನ್ನು ಮಾಡಬಹುದು. ನಾನು ಎಲ್ಲಕ್ಕಿಂತ ಹೆಚ್ಚು ಇಷ್ಟಪಟ್ಟು ಮಾಡುವುದು ಹುದುಗಿಸಿದ ಶುಂಠಿ ಪಾನೀಯವನ್ನು. ಎರಡು ಲೋಟ ಕುದಿಸಿ ಆರಿಸಿದ ನೀರಿಗೆ ಒಂದು ದೊಡ್ಡ ಚಮಚ ತುರಿದ ಶುಂಠಿ (ಸಿಪ್ಪೆ ಸಹಿತ), ಒಂದು ದೊಡ್ಡ ಚಮಚ ಸಕ್ಕರೆ ಹಾಕಿ ಕಲಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಡಿ. ದಿನವೂ ಇಷ್ಟೇ ಶುಂಠಿ ಮತ್ತು ಸಕ್ಕರೆ ಸೇರಿಸುತ್ತಾ ಹೋದರೆ ಸುಮಾರು ಐದು ದಿನಗಳಲ್ಲಿ ಮೇಲೆ ಸಣ್ಣ ಗುಳ್ಳೆಗಳ ಸಾಲು ನಿಲ್ಲುತ್ತದೆ, ಜಾಡಿಗೆ ಕಿವಿಯಿಟ್ಟರೆ ಸಣ್ಣಗೆ ಸಿಡಿಯುವ ಸದ್ದೂ ಕೇಳಿಸುತ್ತದೆ. ಶುಂಠಿಯ ಸಿಪ್ಪೆಯ ಮೇಲಿರುವ ಕಾಡು ಯೀಸ್ಟ್ ಸಕ್ಕರೆಯನ್ನು ತಿಂದು ಅನಿಲ ಬಿಡುತ್ತಿದೆ ಎಂಬುದರ ಗುರುತು ಇದು. ಬೂಷ್ಟು ಕಂಡರೆ ಮಾತ್ರ ಎಲ್ಲವನ್ನೂ ಚೆಲ್ಲಿ ಹೊಸದಾಗಿ ಆರಂಭಿಸಿ. ಆಮೇಲೆ ಒಂದು ಲೀಟರ್ ನೀರಿನಲ್ಲಿ ಶುಂಠಿ ಮತ್ತು 80 ಗ್ರಾಂ ಸಕ್ಕರೆ ಕುದಿಸಿ, ಪೂರ್ತಿ ಆರಿದ ಮೇಲೆ ನಿಂಬೆ ರಸವನ್ನೂ, ಈ ಹುದುಗಿನ ನೀರನ್ನು ಸೋಸಿ 60 ಮಿಲಿಲೀಟರಿನಷ್ಟನ್ನೂ ಬೆರೆಸಿ ಬಾಟಲಿಗೆ ತುಂಬಿ. ಮೇಲೆ ಎರಡು ಬೆರಳಿನಷ್ಟು ಜಾಗ ಬಿಡಿ.

ಬಾಟಲಿಯ ವಿಚಾರದಲ್ಲಿ ಉದಾಸೀನ ಸಲ್ಲದು. ಒಳಗಿನ ಅನಿಲದ ಒತ್ತಡಕ್ಕೆ ಜಾಮ್ ಬಾಟಲಿ ಅಥವಾ ಚೌಕಾಕಾರದ ತೆಳು ಗಾಜಿನ ಬಾಟಲಿ ಸಿಡಿದು ಗಾಯವಾಗಬಹುದು. ಕಲಿಯುವವರಿಗೆ ಖಾಲಿಯಾದ ಸೋಡಾದ ಪ್ಲಾಸ್ಟಿಕ್ ಬಾಟಲಿಯೇ ಸೂಕ್ತ. ಅದು ಒತ್ತಡ ತಡೆಯುವುದಕ್ಕೆಂದೇ ತಯಾರಾದುದು, ಬೆರಳಿನಿಂದ ಒತ್ತಿದರೆ ಒಳಗಿನ ಸ್ಥಿತಿಯೂ ತಿಳಿಯುತ್ತದೆ. ಮೊದಲ ದಿನ ಮೆತ್ತಗಿದ್ದ ಬಾಟಲಿ ಎರಡನೆಯ ಅಥವಾ ಮೂರನೆಯ ದಿನ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆ ಕ್ಷಣವೇ ಫ್ರಿಜ್‌ಗೆ ಸೇರಿಸಿ ಮತ್ತು ವಾರದೊಳಗೆ ಕುಡಿದು ಮುಗಿಸಿ. ಹುದುಗುವಾಗ ಅಲ್ಪ ಪ್ರಮಾಣದ ಮದ್ಯಸಾರವೂ ಹುಟ್ಟುತ್ತದೆ ಎಂಬುದನ್ನು ಮಕ್ಕಳಿರುವ ಮನೆಯವರೂ ಮದ್ಯಸಾರ ವರ್ಜಿಸುವವರೂ ಗಮನದಲ್ಲಿಡಬೇಕು.

ಓಟ್ಸ್ ಹಾಲಿನಲ್ಲಿ ನಾನು ಮೊದಲ ಸಲ ಮಾಡಿದ ತಪ್ಪನ್ನು ನೀವು ಮಾಡಬೇಡಿ. ನುಣ್ಣಗಾಗಲೆಂದು ಎರಡು ನಿಮಿಷ ಮಿಕ್ಸಿ ಓಡಿಸಿ, ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿದೆ, ಬಂದದ್ದು ಲೋಳೆಲೋಳೆಯಾದ ಗಂಜಿ. ಒಂದು ಲೋಟ ಓಟ್ಸ್, ನಾಲ್ಕು ಲೋಟ ಬಹಳ ತಣ್ಣಗಿನ ನೀರು, ಮಿಕ್ಸಿಯಲ್ಲಿ ಮೂವತ್ತೇ ಸೆಕೆಂಡು, ಅನಂತರ ಹಿಂಡದೆ ತಾನಾಗಿ ಇಳಿಯಲು ಬಿಡುವುದು ಸರಿಯಾದ ಕ್ರಮ. ಬಿಸಿ ತಗುಲಿದರೆ ಪಿಷ್ಟ ಉಬ್ಬಿ ಹಾಲು ಮಂದವಾಗುತ್ತದೆ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ತಳ ಕಟ್ಟುವುದು ಸಹಜ, ಅಲುಗಾಡಿಸಿ ಬಳಸಿ. ಅಂಗಡಿಯ ಓಟ್ಸ್ ಹಾಲಿಗೆ ಹೆಚ್ಚಾಗಿ ಕ್ಯಾಲ್ಸಿಯಂ, ವಿಟಮಿನ್ ಬಿ12 ಮುಂತಾದವನ್ನು ಸೇರಿಸಿರುತ್ತಾರೆ, ಮನೆಯದರಲ್ಲಿ ಅವು ಇರುವುದಿಲ್ಲ. ಆದುದರಿಂದ ಮಗುವಿಗೆ ಕೊಡುವ ಹಾಲಿಗೆ ಇದನ್ನು ಬದಲಿಯಾಗಿ ಬಳಸಬೇಡಿ. ಸೋಯಾ ಹಾಲು ಮಾಡುವವರು ಅದನ್ನು ಚೆನ್ನಾಗಿ ಕುದಿಸಲೇಬೇಕು, ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ರಿಯೆಗೆ ಅಡ್ಡಿ ಮಾಡುವ ಅಂಶಗಳಿರುತ್ತವೆ.

ಪಾನಕಕ್ಕೆ ಸಕ್ಕರೆ ಪಾಕವನ್ನು ಮುಂಚೆಯೇ ಮಾಡಿಟ್ಟರೆ ಬಾಯಾರಿದಾಗ ಅಂಗಡಿಗೆ ಓಡುವ ಪ್ರಸಂಗ ಬರುವುದಿಲ್ಲ. ಹಿಂಡುವ ಮೊದಲು ನಿಂಬೆಯ ಹಳದಿ ಸಿಪ್ಪೆಯನ್ನಷ್ಟೇ ತೆಳ್ಳಗೆ ಹೆರೆದು ಸಕ್ಕರೆಯಲ್ಲಿ ಕಿವುಚಿ ಒಂದು ರಾತ್ರಿ ಬಿಟ್ಟರೆ ಸಿಪ್ಪೆಯ ತೈಲ ಸಕ್ಕರೆಗೆ ಇಳಿದು ಪರಿಮಳ ಬರುತ್ತದೆ. ಮರುದಿನ ಸಮತೂಕದ ನೀರು ಹಾಕಿ ಬಿಸಿ ಮಾಡಿ, ಕರಗಿದ ಮೇಲೆ ಸೋಸಿ ಫ್ರಿಜ್‌ನಲ್ಲಿಡಿ. ರಸ ಹೆಚ್ಚಾದರೆ ಐಸ್ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿ.

ಇಷ್ಟೆಲ್ಲ ಮಾಡಿಯೂ ಸಣ್ಣ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಪದಾರ್ಥ ತಂದರೆ ಪ್ರಯೋಜನವಿಲ್ಲ. ಕೆಡದ ಓಟ್ಸ್, ಸಕ್ಕರೆ, ಚಹಾಗಳನ್ನು ದೊಡ್ಡ ಅಳತೆಯಲ್ಲಿ, ಸಾಧ್ಯವಾದಲ್ಲಿ ನಿಮ್ಮದೇ ಡಬ್ಬಿ ಕೊಂಡೊಯ್ದು ತನ್ನಿ. ಕಾಫಿ ಪುಡಿಗೆ ಈ ನಿಯಮ ಹೊಂದದು, ಪರಿಮಳ ಹಾರಿಹೋಗುವುದರಿಂದ ಎರಡು ವಾರಕ್ಕಾಗುವಷ್ಟೇ ಸಾಕು. ಹುದುಗಿಸಿದ ಶುಂಠಿ ಪಾನೀಯವೊಂದನ್ನು ಬಿಟ್ಟು ಉಳಿದವನ್ನು ತುಂಬಿಡಲು ಹೊಸ ಬಾಟಲಿ ಕೊಳ್ಳಬೇಡಿ, ಮನೆಯಲ್ಲಿರುವ ಗಾಜಿನ ಬಾಟಲಿಗಳನ್ನೇ ಬಳಸಿ. ಬಳಸಿದ ಕೂಡಲೇ ತೊಳೆದು, ರಬ್ಬರ್ ಉಂಗುರವಿದ್ದರೆ ಬಿಚ್ಚಿ ಉಜ್ಜಿ, ಬಾಯಿ ಕೆಳಗೆ ಮಾಡಿ ಪೂರ್ತಿ ಒಣಗಿಸಿ. ಮುಂದಿನ ಸಲ ತುಂಬುವಾಗ ಹಳೆಯ ವಾಸನೆ ಉಳಿಯುವುದು ಆ ಉಂಗುರದ ಅಡಿಯಲ್ಲೇ.