ಬಸ್ಸಿನ ಮಾರ್ಗಸಂಖ್ಯೆಗೆ ಯಾವ ಟೈಪ್? ದೋಷಗಳನ್ನು ಕಂಪೈಲ್ ಹಂತದಲ್ಲೇ ತಡೆಯುವ ಕ್ರಮ

ಬೆಂಗಳೂರಿನ ಬಸ್ಸುಗಳ ವೇಳೆಯನ್ನು ತೋರಿಸುವ ಸಣ್ಣ ಆ್ಯಪ್ ಒಂದನ್ನು ಟೈಪ್‌ಸ್ಕ್ರಿಪ್ಟ್‌ನಲ್ಲಿ (ಪ್ರತಿ ಮೌಲ್ಯ ಯಾವ ಬಗೆಯದು, ಅಂದರೆ ಯಾವ ‘ಟೈಪ್’, ಎಂದು ಗುರುತಿಸಬಹುದಾದ ಜಾವಾಸ್ಕ್ರಿಪ್ಟ್ ರೂಪದಲ್ಲಿ) ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ 500ಡಿ ಮಾರ್ಗಕ್ಕೆ ‘ನಂಬರ್’ ಟೈಪ್ ಕೊಟ್ಟು, ಸರ್ವರ್‌ನಿಂದ ಬಂದ ಪಠ್ಯವನ್ನು ಪೂರ್ಣಾಂಕವಾಗಿ ಮಾರ್ಪಡಿಸುವ ‘ಪಾರ್ಸ್‌ಇಂಟ್’ ಮೂಲಕ ಹಾಯಿಸಿದರೆ, ಅದು ಯಾವ ಎಚ್ಚರಿಕೆಯನ್ನೂ ಕೊಡದೆ ಕೊನೆಯ ಅಕ್ಷರವನ್ನು ಬಿಟ್ಟು 500 ಎಂದಷ್ಟೇ ಹಿಂದಿರುಗಿಸುತ್ತದೆ. 500ಸಿ ಬಂದರೂ ಉತ್ತರ ಅದೇ 500. ಪ್ರೋಗ್ರಾಂ ನಿಲ್ಲುವುದಿಲ್ಲ, ಆದರೆ ನಿಲ್ದಾಣದಲ್ಲಿ ಕಾಯುವವರು ಬೇರೆ ಬಸ್ಸಿನ ವೇಳೆಯನ್ನು ಓದುತ್ತಾರೆ. ಕೂಡಿ ಕಳೆಯುವ ಅಗತ್ಯವಿಲ್ಲದ ಸಂಖ್ಯೆಯನ್ನು ‘ಸ್ಟ್ರಿಂಗ್’ ಆಗಿಯೇ, ಅಂದರೆ ಪಠ್ಯವಾಗಿಯೇ, ಇಡಬೇಕು.

ಅಷ್ಟರಿಂದಲೇ ಕೆಲಸ ಮುಗಿಯದು. ನಿಲ್ದಾಣದ ಸಂಕೇತವೂ ಸ್ಟ್ರಿಂಗ್ ಆಗಿದ್ದರೆ, ಫಂಕ್ಷನ್‌ಗೆ ಇವೆರಡನ್ನೂ ಅದಲುಬದಲು ಮಾಡಿ ಕೊಟ್ಟರೂ ಕಂಪೈಲರ್ (ಕೋಡನ್ನು ಪರಿಶೀಲಿಸಿ ಜಾವಾಸ್ಕ್ರಿಪ್ಟ್‌ಗೆ ಪರಿವರ್ತಿಸುವ ಸಾಧನ) ಒಪ್ಪಿಕೊಳ್ಳುತ್ತದೆ. ಟೈಪ್‌ಸ್ಕ್ರಿಪ್ಟ್ ಟೈಪ್‌ಗಳನ್ನು ಹೆಸರಿನಿಂದಲ್ಲ, ರಚನೆಯಿಂದ ಹೋಲಿಸುವುದರಿಂದ, ಸ್ಟ್ರಿಂಗ್‌ಗೆ ‘ಮಾರ್ಗ’ ಎಂಬ ಇನ್ನೊಂದು ಹೆಸರಿಟ್ಟ ಮಾತ್ರಕ್ಕೆ ಹೊಸ ಟೈಪ್ ಹುಟ್ಟುವುದಿಲ್ಲ. ಆದ್ದರಿಂದ ಸ್ಟ್ರಿಂಗ್ ಜೊತೆಗೆ ಒಂದು ಗುರುತಿನ ಪ್ರಾಪರ್ಟಿಯನ್ನು ‘ಆ್ಯಂಡ್’ (&) ಚಿಹ್ನೆಯಿಂದ ಸೇರಿಸಿ ‘ಮಾರ್ಗ’, ‘ನಿಲ್ದಾಣ’ ಎಂಬ ಎರಡು ಬೇರೆ ಟೈಪ್‌ಗಳನ್ನು ಮಾಡಿಕೊಳ್ಳಿ. ಇದಕ್ಕೆ ಬ್ರ್ಯಾಂಡಿಂಗ್ ಎನ್ನುತ್ತಾರೆ. ರೂಪಾಯಿ ಮತ್ತು ಪೈಸೆಗೂ ಹೀಗೆಯೇ ಮಾಡುವುದು ಒಳ್ಳೆಯದು, ಏಕೆಂದರೆ ಅಲ್ಲಿನ ಗೊಂದಲ ನೇರವಾಗಿ ಪ್ರಯಾಣಿಕರ ಜೇಬಿಗೆ ತಟ್ಟುತ್ತದೆ.

ಕಂಪೈಲರ್‌ನ ಆಯ್ಕೆಗಳನ್ನು ಬರೆದಿಡುವ ಟಿಎಸ್‌ಕಾನ್ಫಿಗ್ ಕಡತದಲ್ಲಿ, ಕಟ್ಟುನಿಟ್ಟಿನ ಪರಿಶೀಲನೆಯ ‘ಸ್ಟ್ರಿಕ್ಟ್’ ಆಯ್ಕೆ ಆನ್ ಇರಲಿ. ಟೈಪ್‌ಸ್ಕ್ರಿಪ್ಟ್‌ನ 2016ರ 2.0 ಆವೃತ್ತಿಯಲ್ಲಿ ಬಂದ ನಲ್ ಪರಿಶೀಲನೆ, ಅಂದರೆ ಮೌಲ್ಯವೇ ಇಲ್ಲದ ಸಂದರ್ಭದ ಪರಿಶೀಲನೆ, ಇದರಲ್ಲೇ ಸೇರಿದೆ. ಕೊನೆಯ ಬಸ್ಸು ಹೊರಟುಹೋದ ಮೇಲೆ ‘ಮುಂದಿನ ಬಸ್ಸು’ ಎಂಬುದು ಇರುವುದಿಲ್ಲ. ಫಂಕ್ಷನ್ ಹಿಂದಿರುಗಿಸುವ ಟೈಪ್‌ನಲ್ಲಿ ‘ಅನ್‌ಡಿಫೈನ್ಡ್’ (ಮೌಲ್ಯವಿಲ್ಲ) ಅನ್ನೂ ಬರೆದಿದ್ದರೆ, ಆ ಸಂದರ್ಭವನ್ನು ನಿಭಾಯಿಸದೆ ಬಸ್ಸಿನ ವೇಳೆಯನ್ನು ಓದಲು ಹೊರಟ ಸಾಲಿನಲ್ಲೇ ಕಂಪೈಲರ್ ದೋಷ ತೋರಿಸುತ್ತದೆ.

ಜಾವಾಸ್ಕ್ರಿಪ್ಟ್ ಆಗಿ ಪರಿವರ್ತನೆಯಾದ ಮೇಲೆ ಈ ಟೈಪ್‌ಗಳು ಉಳಿಯುವುದಿಲ್ಲ. ಹೀಗಾಗಿ ಹೊರಗಿನಿಂದ ಜೇಸನ್ ಎಂಬ ಪಠ್ಯರೂಪದಲ್ಲಿ ಬಂದ ಡೇಟಾವನ್ನು, ಪರೀಕ್ಷಿಸದೆಯೇ ‘ಇದು ಇಂಥ ಟೈಪ್’ ಎಂದು ಹೇಳುವ ‘ಆ್ಯಸ್’ ಬರೆದು ನಂಬಬೇಡಿ. ಮೊದಲು ‘ಅನ್‌ನೋನ್’ (ಟೈಪ್ ಇನ್ನೂ ತಿಳಿದಿಲ್ಲ) ಆಗಿ ಸ್ವೀಕರಿಸಿ, ಒಂದೇ ಒಂದು ಫಂಕ್ಷನ್‌ನಲ್ಲಿ ಪರೀಕ್ಷಿಸಿ, ಅಲ್ಲಿಂದ ಮಾತ್ರ ‘ಮಾರ್ಗ’ ಹೊರಬರುವಂತೆ ಮಾಡಿ. ಮಾರ್ಗಸಂಖ್ಯೆ ಅಂಕಿಯಿಂದಲೇ ಆರಂಭವಾಗಬೇಕು ಎಂಬ ನಿಯಮವನ್ನು ಆ ಫಂಕ್ಷನ್‌ನಲ್ಲಿ ಹಾಕಬೇಡಿ, ವಿಮಾನ ನಿಲ್ದಾಣದ ಕೆಐಎ-8 ಬಸ್ಸು ಅದರಿಂದಾಗಿ ಪಟ್ಟಿಯಿಂದಲೇ ಬಿಟ್ಟುಹೋಗುತ್ತದೆ.

ಕೋಡನ್ನು ಓಡಿಸಲು ಸಿದ್ಧಪಡಿಸುವ (ಬಿಲ್ಡ್ ಮಾಡುವ) ಇಎಸ್‌ಬಿಲ್ಡ್‌ನಂತಹ ಸಾಧನಗಳು ಟೈಪ್‌ಗಳನ್ನು ಪರಿಶೀಲಿಸದೆ ಅಳಿಸಿಹಾಕುತ್ತವೆಯಾದ್ದರಿಂದ, ಬಿಲ್ಡ್‌ಗೆ ಮುನ್ನ ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಆದ ಟಿಎಸ್‌ಸಿಯನ್ನು, ಕಡತ ಬರೆಯದೆ ಪರಿಶೀಲನೆಯಷ್ಟೇ ಮಾಡಿಸುವ ‘ನೋಎಮಿಟ್’ ಆಯ್ಕೆಯೊಂದಿಗೆ ಪ್ರತ್ಯೇಕವಾಗಿ ಓಡಿಸಿ, ಅದು ದೋಷ ತೋರಿಸಿದರೆ ಬಿಲ್ಡ್ ಅಲ್ಲಿಯೇ ನಿಲ್ಲುವಂತೆ ಹೊಂದಿಸಿ.