ತೋಟದ ಮನೆಯ ಸೋಲಾರ್: ಬಿಸಿಲೇರುವ ಮುನ್ನ ಬ್ಯಾಟರಿಯ ಆರೈಕೆ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಲೈನು ತಲುಪದ ತೋಟದ ಮನೆಗೆ ಸೋಲಾರ್ ಹಾಕಿಸಿಕೊಂಡವರು ಮಾಳಿಗೆಯ ಮೇಲಿನ ಪ್ಯಾನೆಲನ್ನು ಆಗಾಗ ಒರೆಸುತ್ತಾರೆ. ಮೂಲೆಯಲ್ಲಿರುವ ಬ್ಯಾಟರಿಯನ್ನು ಮಾತ್ರ ಅದು ಕೈಕೊಡುವವರೆಗೂ ತಿರುಗಿ ನೋಡುವುದಿಲ್ಲ. ಪ್ಯಾನೆಲ್ 25 ವರ್ಷ ಬಾಳುತ್ತದೆ. ನಡುವೆ ಮತ್ತೆ ಮತ್ತೆ ಖರ್ಚಿಗೆ ಈಡುಮಾಡುವುದು ಬ್ಯಾಟರಿಯೇ.

ಆಸಿಡ್ ಬ್ಯಾಟರಿಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ಗಿಂತ 10 ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಅದನ್ನು ತಗಡಿನ ಶೆಡ್ಡಿನಲ್ಲಿ ಇಡುವುದು ತಪ್ಪು. ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ತಂಪು ಕೋಣೆಯಿದ್ದರೆ ಅಲ್ಲಿ, ಕಿಟಕಿಯ ಬಳಿ, ಕಟ್ಟಿಗೆಯ ಹಲಗೆಯ ಮೇಲೆ ಇಡಬೇಕು. ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುವುದರಿಂದ ಒಲೆ, ದೀಪ, ಬೀಡಿ ಯಾವುದೂ ಅದರ ಹತ್ತಿರ ಸುಳಿಯಬಾರದು.

ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ ನೋಡಿ, ಪೂರ್ತಿ ಚಾರ್ಜ್ ಆದ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಏಕೆಂದರೆ ಚಾರ್ಜ್ ಆಗುತ್ತಿದ್ದಂತೆ ಒಳಗಿನ ದ್ರವ ಉಬ್ಬುತ್ತದೆ, ಮೊದಲೇ ತುಂಬಿದರೆ ಆಸಿಡ್ ಹೊರಚೆಲ್ಲುತ್ತದೆ. ಒಳಗಿನ ಸೀಸದ ಪ್ಲೇಟುಗಳು ಬಯಲಾಗಿದ್ದರೆ ಮಾತ್ರ ಅವು ಮುಳುಗುವಷ್ಟನ್ನು ಮೊದಲೇ ಹಾಕಬಹುದು. ಬೋರ್‌ವೆಲ್ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿನ ಲವಣ ಪ್ಲೇಟುಗಳನ್ನು ಹಾಳುಮಾಡುತ್ತದೆ. ಹೊಸದಾಗಿ ಆಸಿಡ್ ಸುರಿಯುವುದಂತೂ ಬೇಡವೇ ಬೇಡ.

ಇಷ್ಟರ ಜೊತೆಗೆ, ಆಸಿಡ್ಡಿನ ಸಾಂದ್ರತೆ ಅಳೆಯುವ ಒಂದು ಹೈಡ್ರೋಮೀಟರ್ ಕೊಂಡಿಡುವುದು ಒಳ್ಳೆಯದು. ಕೈಗವಸು, ಕನ್ನಡಕ ಧರಿಸಿ, ಅದರ ತುದಿಯನ್ನು ಬ್ಯಾಟರಿಯ ಒಂದೊಂದು ಸೆಲ್ಲಿನ (ಖಾನೆಯ) ರಂಧ್ರದಲ್ಲಿಟ್ಟು, ರಬ್ಬರ್ ಬುರುಡೆಯನ್ನು ಅದುಮಿ ಬಿಟ್ಟರೆ ಗಾಜಿನ ಕೊಳವೆಯೊಳಗೆ ಆಸಿಡ್ ಏರಿ ತೇಲುಕಡ್ಡಿ ಎದ್ದು ನಿಲ್ಲುತ್ತದೆ. ಪೂರ್ತಿ ಚಾರ್ಜ್ ಆದ ಟ್ಯೂಬುಲರ್ ಬ್ಯಾಟರಿಯಲ್ಲಿ (ಕೊಳವೆಯಾಕಾರದ ಪ್ಲೇಟಿನ ಆಸಿಡ್ ಬ್ಯಾಟರಿ) ಅಳತೆ ಸುಮಾರು 1.240ರಿಂದ 1.250 ಇರಬೇಕು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.030ರಷ್ಟು ಕಡಿಮೆ ತೋರಿಸುತ್ತಿದ್ದರೆ ಮೆಕ್ಯಾನಿಕ್‌ನನ್ನು ಕರೆಸುವ ಕಾಲ ಬಂದಿದೆ ಎಂದರ್ಥ.

ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕಟ್ಟಿದ್ದರೆ ಮೊದಲು ಪ್ಯಾನೆಲ್ ಸಂಪರ್ಕ, ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ ಒಣಗಿಸಬೇಕು; ಆ ನೀರು ಮುಚ್ಚಳದ ರಂಧ್ರದೊಳಗೆ ಇಳಿಯಬಾರದು. ಮತ್ತೆ ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ನಂತರ. ಕೊನೆಗೆ ವ್ಯಾಸಲೀನ್ ಸವರಿದರೆ ಸಾಕು.

ಪ್ಯಾನೆಲ್ ವಿಷಯ ಸುಲಭ. ಮುಧೋಳ, ಜಮಖಂಡಿ ಕಡೆ ಕಬ್ಬಿನ ರವದಿ (ಒಣ ಎಲೆ) ಸುಟ್ಟಾಗ ಹಾರಿ ಬಂದು ಕೂರುವ ಕರಿಬೂದಿಯನ್ನು ಬಿಸಿಲೇರುವ ಮುನ್ನವೇ ತೊಳೆದು, ನೀರು ಒಣಗಿ ಬಿಳಿ ಕಲೆ ಉಳಿಯದಂತೆ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಕಾದ ಗಾಜಿಗೆ ತಣ್ಣೀರು ಎರಚಿದರೆ ಅದು ಸೀಳಬಹುದು.

ಮಳೆಗಾಲದಲ್ಲಿ ಮೋಡ ಕವಿದ ದಿನ, ಲೋಡ್ (ಬ್ಯಾಟರಿಯಿಂದ ನಡೆಯುವ ದೀಪ, ಫ್ಯಾನ್‌ಗಳ ಸಂಪರ್ಕ) ತೆಗೆದು ಕೆಲ ಹೊತ್ತು ಬಿಟ್ಟು ಅಳೆದಾಗ 12 ವೋಲ್ಟಿನ ಬ್ಯಾಟರಿ 12.2ಕ್ಕೆ ಇಳಿದಿದ್ದರೆ ಚಾರ್ಜ್ ಅರ್ಧ ಖಾಲಿಯಾಗಿದೆ ಎಂದು ತಿಳಿದು, ಟಿವಿ, ಫ್ಯಾನ್ ಬಂದ್ ಮಾಡಿ ದೀಪಗಳನ್ನಷ್ಟೇ ಉರಿಸಬೇಕು.